ಹಾಡು ಪೂರ್ತಿ ಗೊತ್ತಿದ್ದವಳೇ ಅತಿಥಿಯಂತೆ!

ಕಳೆದ ಶನಿವಾರ ದ ಹೇಗ್‌ನಲ್ಲಿ ನೆಲೆಸಿರುವ ಡೆನ್ಮಾರ್ಕಿನವರ ಹಾಡಿನ ಸಂಜೆಗೆ ಹೋಗಿದ್ದೆ. ಕರೆದುಕೊಂಡು ಹೋದವಳು ಹೋಡನ್, ಡೆಲ್ಫ್ಟ್‌ನಲ್ಲಿ ನನ್ನ ಜೊತೆ ಪಿಎಚ್‌ಡಿ ಮಾಡುವವಳು.

ಅವಳ ಅಪ್ಪ ಅಮ್ಮ ಸೊಮಾಲಿಯಾದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಕೋಪನ್‌ಹೇಗನ್‌ನಲ್ಲಿ.

ಡೆನ್ಮಾರ್ಕಿನವರಲ್ಲಿ ಎಲ್ಲರೂ ಸೇರಿ ಹಾಡುವುದು ದೊಡ್ಡ ವಿಷಯ. ಸ್ಕೂಲು, ಮದುವೆ, ಆಫೀಸ್ ಪಾರ್ಟಿ... ಎಲ್ಲೆಂದರಲ್ಲಿ ಹಾಡಿನ ಪುಸ್ತಕ ತೆರೆದು ಶುರು ಮಾಡುತ್ತಾರಂತೆ. "ಮನೆ ನೆನಪಾಗ್ತಿದೆ, ಒಂದಿಷ್ಟು ಹಾಡ್ಬೇಕು, ಬಾರೇ" ಅಂದಳು.

ಅಲ್ಲಿ ಹಾಡಿನ ಅರ್ಥವನ್ನು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಸಮುದ್ರ, ಬೇಸಿಗೆಯ ಬೆಳಕು, ನಾವು ಪುಟ್ಟ ದೇಶದವರು, ನಮಗೆ ಜಂಬ ಗೊತ್ತಿಲ್ಲ...

ಜಂಬವಿಲ್ಲ ಎಂಬುದನ್ನೇ ಅಷ್ಟು ಜಂಬದಿಂದ ಹಾಡುವವರನ್ನು ನಾನು ನೋಡಿದ್ದು ಇದೇ ಮೊದಲು.

ಮೊದಲ ಚರಣಕ್ಕೆ ಹಾಲ್ ಗುಡುಗಿತು. ಎರಡನೆಯದಕ್ಕೆ ಎಲ್ಲರ ಮೂಗೂ ಪುಸ್ತಕದೊಳಗೆ! ಹೋಡನ್ ಮಾತ್ರ ಪುಸ್ತಕ ಮುಚ್ಚಿಟ್ಟು ಕೊನೆಯವರೆಗೂ ಹಾಡಿದಳು.

ಕಾರ್ಯಕ್ರಮ ನಡೆಸುತ್ತಿದ್ದ ಹಿರಿಯರು ಬಂದರು. ಆಗಷ್ಟೇ ಡೇನಿಶ್‌ನಲ್ಲಿ ಹಾಡಿದವಳನ್ನು ಇಂಗ್ಲಿಷ್‌ನಲ್ಲಿ ಕೇಳಿದರು, "ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ?"

ಸ್ಕೂಲಲ್ಲಿ, ಕೋಪನ್‌ಹೇಗನ್‌ನಲ್ಲಿ ಎಂದು ಅವಳು ಡೇನಿಶ್‌ನಲ್ಲೇ ಉತ್ತರ ಕೊಟ್ಟಳು.

ಆತ ಮತ್ತೆ ಇಂಗ್ಲಿಷ್‌ನಲ್ಲಿ, "ಅದು ಸರಿ, ಮೂಲ ಯಾವ ದೇಶ?"

ಉತ್ತರಕ್ಕೂ ಕಾಯಲಿಲ್ಲ. ಮೈಕ್ ಹಿಡಿದು, "ನೋಡಿ, ನಮ್ಮ ಹಾಡು ಹೊರಗಿನವರ ಮನಸ್ಸನ್ನೂ ಗೆಲ್ಲುತ್ತೆ!" ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ... ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಮುಂದಿನ ಹಾಡನ್ನು ಯಾರು ಬೇಕಾದರೂ ಆರಿಸಬಹುದಿತ್ತು. ಹೋಡನ್ ಎದ್ದು ನಿಂತು ಉದ್ದನೆಯ ಹಳೆಯ ಹಾಡೊಂದನ್ನು ಆರಿಸಿದಳು.

ಎರಡು ಚರಣಕ್ಕೆ ಪಿಯಾನೋ ನಿಂತಿತು. ಅವಳು ನಿಲ್ಲಿಸಲಿಲ್ಲ. ಪಿಯಾನೋದವರು ವಿಧಿಯಿಲ್ಲದೆ ಮತ್ತೆ ಬೆರಳಿಟ್ಟರು.

ಚರಣದ ಮೇಲೆ ಚರಣ, ಆ ಹಿರಿಯರನ್ನೇ ನೋಡುತ್ತಾ ಹಾಡುತ್ತಿದ್ದಾಳೆ. ದೇಶಭಕ್ತ ಮಹಾಶಯರು ಮೀನಿನ ಹಾಗೆ ಬಾಯಿ ಮಾತ್ರ ಆಡಿಸುತ್ತಿದ್ದಾರೆ!

ಹಾಡು ಮುಗಿದಾಗ ಚಪ್ಪಾಳೆ ಇಲ್ಲ. ಆತ "ಕಾಫಿ ರೆಡಿ ಇದೆ" ಎಂದರು. ಅಷ್ಟೇ.

ಟ್ರಾಮ್‌ನಲ್ಲಿ ನಾನು ಕುದಿಯುತ್ತಿದ್ದೆ. "ಇನ್ನು ಅಲ್ಲಿಗೆ ಕಾಲಿಡ್ಬೇಡ ಕಣೇ" ಅಂದೆ.

"ಯಾಕೆ? ಹಾಡು ನಂದು. ಮುಂದಿನ ತಿಂಗಳೂ ಹೋಗ್ತೀನಿ."

ಹೇಳಿ ಕಿಟಕಿಯ ಕಡೆ ತಿರುಗಿದವಳು ಇಳಿಯುವವರೆಗೂ ಈ ಕಡೆ ಮುಖ ಮಾಡಲಿಲ್ಲ.

ಇದನ್ನು ಓದಿ "ಛೆ, ಈ ಯುರೋಪಿಯನ್ನರೇ ಹೀಗೆ" ಎಂದು ಕಾಮೆಂಟ್ ಹಾಕಲು ಹೊರಟಿದ್ದೀರಲ್ಲ, ಸ್ವಲ್ಪ ನಿಲ್ಲಿ.

ಇಲ್ಲಿನ ನಮ್ಮ ಕನ್ನಡ ಕೂಟದಲ್ಲಿ ಕಲಬುರಗಿಯ ಸಮೀನಾಳಿಗೆ "ಅರೆ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರ!" ಎಂದು ಮೆಚ್ಚುಗೆ ಸೂಚಿಸಿದ ಮಹನೀಯರೇ, ಅವಳು ಇನ್ಯಾವ ಭಾಷೆ ಮಾತಾಡಬೇಕಿತ್ತು?