ಕಿಟಕಿಯಣ್ಣನ ಕೆನ್ನೆ

ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅವನನ್ನು ಎಲ್ಲರೂ ಕತ್ತರಿ ಮಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಂದು, ಉದ್ದನೆಯ ಪಡಸಾಲೆಯ ಕೊನೆಯಲ್ಲಿ ನಲ್ಲಿಯ ಪಕ್ಕ ಮರದ ಕುರ್ಚಿ ಹಾಕಿಕೊಂಡು ನಿಲ್ಲುತ್ತಿದ್ದ. ಮಧ್ಯಾಹ್ನದೊಳಗೆ ನಲವತ್ತು ಜನರ ತಲೆ, ಗಡ್ಡ ಮುಗಿಯಬೇಕು. ಅವನ ಕತ್ತರಿ, ಬ್ಲೇಡುಗಳನ್ನು ಬಾಗಿಲಲ್ಲಿ ಎಣಿಸಿ ಒಳಗೆ ಬಿಡುತ್ತಿದ್ದರು, ಹೋಗುವಾಗ ಮತ್ತೆ ಎಣಿಸುತ್ತಿದ್ದರು.

ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಒಬ್ಬ ರೋಗಿ ತನ್ನ ತಲೆಯೇ ಕಳೆದುಹೋಗಿದೆ ಎಂದು ಅಳುತ್ತ ಓಡಾಡುತ್ತಿದ್ದ. ಅವನು ಕುರ್ಚಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಮಾಮ ಒಂದು ದಿನ, "ನಿನ್ ತಲೆ ಸಿಕ್ತು ಬಾರಪ್ಪ, ನನ್ ಹತ್ರಾನೇ ಇದೆ. ಕೂತ್ಕೋ, ಕ್ಲೀನ್ ಮಾಡಿ ವಾಪಸ್ ಕೊಡ್ತೀನಿ" ಎಂದ. ಅಂದಿನಿಂದ ಆ ಮನುಷ್ಯ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ.

ಕಿಟಕಿಯಣ್ಣನ ವಿಷಯ ಬೇರೆ. ಮೂರನೆಯ ಕಿಟಕಿಯ ಪಕ್ಕ ಬಿಟ್ಟು ಕದಲದ ಆತ ಹದಿನಾಲ್ಕು ವರ್ಷಗಳಿಂದ ಒಂದು ಮಾತೂ ಆಡಿರಲಿಲ್ಲ. ಅನ್ನ ಬಾಯಿಗಿಟ್ಟರೆ ನುಂಗುತ್ತಿದ್ದ, ಎಬ್ಬಿಸಿದರೆ ಏಳುತ್ತಿದ್ದ. ಮನೆಯವರು ಬರುವುದನ್ನು ಯಾವಾಗಲೋ ಬಿಟ್ಟಿದ್ದರು. ಅವನಿಗಾಗಿ ಕುರ್ಚಿಯನ್ನೇ ಕಿಟಕಿಯ ಬಳಿಗೆ ಒಯ್ಯುತ್ತಿದ್ದರು. ಮಾಮ ಅವನನ್ನು ಬೇಕೆಂದೇ ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಉಳಿದವರೊಂದಿಗೆ ತಮಾಷೆ, ಇವನೊಂದಿಗೆ ಮನಸ್ಸಿನ ಮಾತು. ಹೆಂಡತಿಯ ಹತ್ತಿರ ಆಡಲಾಗದ್ದನ್ನೂ ಆ ಕಿವಿಯ ಪಕ್ಕ ಕತ್ತರಿ ಆಡಿಸುತ್ತ ಆಡಿಬಿಡುತ್ತಿದ್ದ. ಕೇಳಿದವನು ಯಾರಿಗೂ ಹೇಳುವುದಿಲ್ಲ, ಕೇಳಿಸುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಇದಕ್ಕಿಂತ ಹಗುರವಾಗುವ ಜಾಗ ಇನ್ನೊಂದಿರಲಿಲ್ಲ.

ಆ ಮಂಗಳವಾರ ಮೇಲಿನ ಅಧಿಕಾರಿಗಳು ವಾರ್ಡು ನೋಡಲು ಬರುವವರಿದ್ದರು. ಹತ್ತು ಗಂಟೆಯೊಳಗೆ ಎಲ್ಲರ ಮುಖವೂ ಹೊಳೆಯಬೇಕು ಎಂದು ಅಪ್ಪಣೆಯಾಗಿತ್ತು. ಒಂಬತ್ತೂವರೆಗೆ ಕರೆಂಟು ಹೋಯಿತು. ಕರೆಂಟಿನ ಮೆಷಿನ್ನು ನಿಂತು ಕಿಟಕಿಯಣ್ಣನ ತಲೆ ಅರ್ಧಕ್ಕೇ ಉಳಿಯಿತು. ಮಾಮ ಹಳೆಯ ಕೈಮೆಷಿನ್ನು ತೆಗೆದ. ಅದರ ಹಲ್ಲಿಗೆ ಕೂದಲು ಸಿಕ್ಕಿ ಜಗ್ಗಿತು. ಕಿಟಕಿಯಣ್ಣ ಬೆಚ್ಚಿ ಮುಂದಕ್ಕೆ ಬಾಗಿದ; ಸೋಪಿನ ನೀರಿನ ಬಟ್ಟಲು ಉರುಳಿ, ಅಧಿಕಾರಿಗಳಿಗಾಗಿ ಅವನಿಗೆ ತೊಡಿಸಿದ್ದ ಒಗೆದ ಅಂಗಿಯೆಲ್ಲ ತೊಯ್ದುಹೋಯಿತು. ಮಾಮನ ಮಣಿಕಟ್ಟನ್ನು ಅವನು ಬಲವಾಗಿ ಹಿಡಿದುಕೊಂಡ. ಮಾಮ ಕೈ ಕೊಸರಿಕೊಂಡವನೇ ಅವನ ಕೆನ್ನೆಗೆ ಹೊಡೆದ.

ಹೊಡೆತ ಜೋರಾಗಿಯೇ ಬಿದ್ದಿತ್ತು. ಪಡಸಾಲೆಯಲ್ಲಿದ್ದವರು ತಿರುಗಿ ನೋಡಿದರು. ಕಿಟಕಿಯಣ್ಣ ಮೊದಲಿನಂತೆಯೇ ನೆಟ್ಟಗೆ ಕೂತ. ಪಕ್ಕದಲ್ಲಿದ್ದ ಅಟೆಂಡರ್ ನಕ್ಕ.

"ಬಿಡು ಮಾಮ, ಯಾಕೆ ಮುಖ ಹಾಗೆ ಮಾಡ್ಕೋತೀಯ? ಅವನಿಗೇನು ಗೊತ್ತಾಗುತ್ತೆ? ಗೋಡೆಗೆ ಹೊಡೆದ ಹಾಗೆ."

ಮಾಮ ಉಳಿದರ್ಧ ತಲೆಯನ್ನೂ ಮುಗಿಸಿದ. ಅಧಿಕಾರಿಗಳು ಬಂದು ನೋಡಿ ಮೆಚ್ಚಿ ಹೋದರು.

ಅಂದು ರಾತ್ರಿ ಮನೆಯಲ್ಲಿ ಮಾಮ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದ. ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಪೆಡಲು ನಿಲ್ಲಿಸಿ, "ಏನಾಯ್ತು?" ಎಂದಳು. ನಡೆದದ್ದನ್ನು ಹೇಳಿದ.

"ಹೋಗಿ ತಪ್ಪಾಯ್ತು ಅಂತ ಕೇಳ್ಕೊಳ್ಳಿ."

"ಏನೂ ಗೊತ್ತಾಗದವನ ಹತ್ರ ಏನಂತ ಕೇಳ್ಲಿ?"

"ಗೊತ್ತಾಗಲ್ಲ ಅನ್ನೋದಾದ್ರೆ ಇಷ್ಟು ವರ್ಷ ಅವರ ಹತ್ರ ಏನು ಮಾತಾಡ್ತಿದ್ರಿ?"

ಮಾರನೆಯ ದಿನ ಮಾಮ ತನ್ನ ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿಯ ಕೆನ್ನೆಗೆ ಹಚ್ಚಿದ ನೊರೆಯನ್ನು ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿದ. ಗಿರಾಕಿ, "ಯಾಕೆ ಮಾಮ, ಹುಷಾರಿಲ್ವಾ?" ಎಂದು ಕೇಳಿದ. ಮಾಮ ಸೆಖೆ ಎಂದು ತೇಲಿಸಿಬಿಟ್ಟ.

ಶುಕ್ರವಾರ ಮೊದಲು ಕಿಟಕಿಯ ಬಳಿಗೇ ಹೋದ. ಕೊರಳಿಗೆ ಕಟ್ಟಲು ಬಿಳಿ ಬಟ್ಟೆ ಕೊಡವಿದ್ದಷ್ಟೆ, ಕಿಟಕಿಯಣ್ಣ ಎರಡೂ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡ. ಹದಿನಾಲ್ಕು ವರ್ಷಗಳಲ್ಲಿ ಅವನು ಹೀಗೆ ತನ್ನನ್ನು ಕಾಪಾಡಿಕೊಳ್ಳಲು ಕೈ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಮಾಮ ಒಂದು ಹೆಜ್ಜೆ ಹಿಂದೆ ಸರಿದ. ಬಟ್ಟೆಯನ್ನು ಕೆಳಗಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ತಪ್ಪಾಯ್ತಣ್ಣ. ಇನ್ನು ಯಾವತ್ತೂ ಹೊಡೆಯಲ್ಲ. ಕೈ ಇಳಿಸಣ್ಣ."

ಕೈ ಇಳಿಯಲಿಲ್ಲ.

ಕೈ ಎತ್ತಿದ್ದನ್ನು ಕಂಡ ವಾರ್ಡಿನ ಸಿಸ್ಟರ್‌ಗೆ ಸಂತೋಷವೋ ಸಂತೋಷ. ಡಾಕ್ಟರನ್ನು ಓಡಿ ಕರೆತಂದರು. ಡಾಕ್ಟರು ದೂರದಿಂದ ನೋಡಿ, ಬಟ್ಟೆ ಇನ್ನೊಮ್ಮೆ ಕೊಡವಲು ಹೇಳಿ, ಮೊಣಕೈ ಮತ್ತೆ ಬಿಗಿದದ್ದನ್ನು ಕಂಡು ತಲೆದೂಗಿದರು. "ತುಂಬಾ ಒಳ್ಳೆ ಬೆಳವಣಿಗೆ. ಹೊಸ ಮಾತ್ರೆ ಕೆಲಸ ಮಾಡ್ತಿದೆ."

ಅಟೆಂಡರ್ ಮಾಮನಿಗೆ ಕಣ್ಣು ಮಿಟುಕಿಸಿದ. ಬಾಯಿ ಬಿಡಬೇಡ ಎಂದರ್ಥ. ಬಿಡದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಡಾಕ್ಟರು ಬರೆದುಕೊಳ್ಳಲು ಪೆನ್ನು ತೆಗೆದರು.

"ಮಾತ್ರೆ ಅಲ್ಲ ಸಾರ್," ಎಂದ ಮಾಮ. "ಮಂಗಳವಾರ ನಾನು ಹೊಡೆದೆ. ಅದಕ್ಕೆ ಹೆದರ್ಕೊಂಡಿದಾರೆ."

"ಹೊಡೆದ್ಯಾ? ಯಾರೂ ನೋಡ್ಲಿಲ್ವಾ?"

"ನೋಡಿದವರ ವಿಷಯ ಬಿಡಿ ಸಾರ್. ಹೊಡೆಸಿಕೊಂಡವರು ನೋಡಿದಾರೆ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಮಾಮ ಎರಡು ತಿಂಗಳು ವಾರ್ಡಿನೊಳಗೆ ಕಾಲಿಡಬಾರದೆಂದು ಆಜ್ಞೆಯಾಯಿತು. ಆಮೇಲೆ ಸಿಸ್ಟರ್ ಹಟ ಹಿಡಿದು ಅವನನ್ನು ವಾಪಸು ಕರೆಸಿಕೊಂಡರು. ಬದಲಿಗೆ ಬಂದ ಕ್ಷೌರಿಕನ ಹತ್ತಿರ ರೋಗಿಗಳು ಕೂರುತ್ತಿರಲಿಲ್ಲವಂತೆ. ಒಂದೇ ಷರತ್ತು: ಕಿಟಕಿಯಣ್ಣನನ್ನು ಮಾಮ ಮುಟ್ಟಕೂಡದು. ಅವನೊಬ್ಬನಿಗೆ ಆ ಬದಲಿ ಮನುಷ್ಯನೇ.

ಕೆಲಸ ಮುಗಿದ ಮೇಲೆ ಮಾಮ ಕತ್ತರಿಯನ್ನೆಲ್ಲ ಬಾಗಿಲಲ್ಲಿ ಒಪ್ಪಿಸಿ, ಬರಿಗೈಯಲ್ಲಿ ಬಂದು ಕಿಟಕಿಯಿಂದ ನಾಲ್ಕು ಮಾರು ದೂರ ಕೂರುತ್ತಿದ್ದ. ಮಾತಾಡುತ್ತಿರಲಿಲ್ಲ. ಮೊದಮೊದಲು ಇವನನ್ನು ಕಂಡರೆ ಕಿಟಕಿಯಣ್ಣನ ಮೊಣಕೈ ಏಳುತ್ತಿತ್ತು. ಮೂರ್ನಾಲ್ಕು ವಾರ ಕಳೆದ ಮೇಲೆ ಏಳುವುದು ನಿಂತಿತು. ಅಂಥದೊಂದು ಶುಕ್ರವಾರ, ಊಟದ ಗಂಟೆ ಹೊಡೆದು ಎಲ್ಲರೂ ಅತ್ತ ಹೋದಾಗ, ಕಿಟಕಿಯ ಕಡೆಗೇ ನೋಡುತ್ತಿದ್ದ ಆತ ಕೇಳಿದ.

"ನಿಮ್ಮಮ್ಮ ಒದ್ದೇಲೇ ಇದ್ರಾ?"

ಬಳಸದೆ ಬಿಟ್ಟು ತುಕ್ಕು ಹಿಡಿದ ದನಿ. ಮಾಮ ಯಾರು ಮಾತಾಡಿದರೆಂದು ಹಿಂದೆ ನೋಡಿದ. ಯಾರೂ ಇರಲಿಲ್ಲ.

ಅದು ಹತ್ತು ವರ್ಷದ ಹಿಂದಿನ ಮಾತು. ತಾಯಿಗೆ ಕೊನೆಗಾಲದಲ್ಲಿ ನೆನಪು ಹೋಗಿ, ಮಗನ ಗುರುತೂ ಉಳಿದಿರಲಿಲ್ಲ. ತಂಗಿಯ ಹೆರಿಗೆಗೆಂದು ಹೆಂಡತಿ ಊರಿಗೆ ಹೋಗಿದ್ದ ಒಂದು ದಿನ, ಬೆಳಿಗ್ಗೆಯಿಂದ ಎರಡು ಸಲ ಹಾಸಿಗೆ ಬದಲಿಸಿದ್ದ. ಮೂರನೆಯ ಸಲ ಒದ್ದೆಯಾದಾಗ ಬಾಗಿಲು ಎಳೆದುಕೊಂಡು ಅಂಗಡಿಗೆ ಹೊರಟುಹೋದ. ಹೇಗೂ ಅವಳಿಗೆ ಗೊತ್ತಾಗುವುದಿಲ್ಲವಲ್ಲ ಎಂದುಕೊಂಡ. ಇದನ್ನು ಅವನು ಹೇಳಿದ್ದು ಕಿಟಕಿಯಣ್ಣನೊಬ್ಬನಿಗೆ, ಒಂದೇ ಒಂದು ಸಲ.

"ಹೌದಣ್ಣ," ಎಂದ ಮಾಮ. "ಸಂಜೆವರೆಗೂ."

ಕಿಟಕಿಯಣ್ಣ ಮತ್ತೇನೂ ಕೇಳಲಿಲ್ಲ. ಅವನು ಮುಂದೆಂದೂ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಮಾಮ ಆ ಮಾತನ್ನು ಡಾಕ್ಟರಿಗೆ ಹೇಳಲಿಲ್ಲ. ಮನೆಗೆ ಹೋಗಿ, ಅಮ್ಮನ ಆ ದಿನದ್ದನ್ನೂ ಸೇರಿಸಿ, ಹೆಂಡತಿಗೆ ಹೇಳಿದ. ಅತ್ತೆಯನ್ನು ಮಗುವಿನಂತೆ ನೋಡಿಕೊಂಡಿದ್ದವಳು ಅವಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು.

"ಸಂಜೆ ಬಂದು ಬಟ್ಟೆ ಬದಲಾಯಿಸಿದಾಗ ಏನಂದ್ರು ಅತ್ತೆ?"

"'ಯಾರಪ್ಪಾ ನೀನು, ಪುಣ್ಯಾತ್ಮ. ನಿನ್ನ ಹೆತ್ತವರ ಹೊಟ್ಟೆ ತಣ್ಣಗಿರಲಿ' ಅಂದಳು."

ಹೆಂಡತಿ ಎದ್ದು ಒಳಗೆ ಹೋದಳು. ಆ ವಾರವಿಡೀ ಹೊತ್ತಿಗೆ ಸರಿಯಾಗಿ ಊಟಕ್ಕಿಟ್ಟಳು, ಎದುರಿಗೆ ಕೂರಲಿಲ್ಲ. ಮುಂದೆ ಕೂರತೊಡಗಿದಳು, ಆದರೆ ಮೊದಲಿನಂತೆ ಅವನನ್ನು ರೇಗಿಸುವುದು ಮಾತ್ರ ನಿಂತುಹೋಯಿತು.

ಮಾಮನಿಗೆ ಈಗ ನಲವತ್ತು ಜನ ಮುಗಿಯಲು ಸಂಜೆ ನಾಲ್ಕಾಗುತ್ತದೆ. ಮುಟ್ಟುವ ಮುಂಚೆ ಒಬ್ಬೊಬ್ಬರನ್ನೂ ಕೇಳುತ್ತಾನೆ, ಬೇಡವೆಂದವರನ್ನು ಬಿಡುತ್ತಾನೆ. ಏನೂ ಹೇಳಲಾರದವರ ಮುಂದೆ ಬಟ್ಟೆ ಹಿಡಿದು, ಮೊಣಕೈ ಏಳುತ್ತದೆಯೇ ಎಂದು ನೋಡುತ್ತಾನೆ. ಅಟೆಂಡರ್, "ಮಾಮನಿಗೂ ಒಂದು ಮಂಚ ಹಾಕ್ಸಿ ಸಿಸ್ಟರ್" ಎಂದು ಆಡಿಕೊಳ್ಳುತ್ತಾನೆ.

ಕಿಟಕಿಯಣ್ಣನಿಗೆ ಬದಲಿ ಮನುಷ್ಯನೇ ಬರುತ್ತಾನೆ. ಅವನದು ಅವಸರದ ಕೈ. ಎಡಗಡೆಯ ಕೆನ್ನೆಗೂದಲು ಬಲಗಡೆಗಿಂತ ಅರ್ಧ ಬೆರಳು ಉದ್ದ ಉಳಿದಿರುತ್ತದೆ, ಗದ್ದದ ಕೆಳಗೆ ಒಂದೆರಡು ಕಡೆ ಗೀರಿರುತ್ತದೆ. ನಾಲ್ಕು ಮಾರು ದೂರ ಕೂತು ಮಾಮ ಅದನ್ನು ನೋಡುತ್ತಾನೆ.