ತೊಟ್ಟಿಲ ಹತ್ತಿರ ನನ್ನನ್ನೂ ಕರೆದರು

ಹೋದ ವರ್ಷ, ಯುಗಾದಿ ಹತ್ತಿರ ಬಂದಿದ್ದ ದಿನಗಳು. ಮೊರಬದ ನಮ್ಮ ಮನೆಯ ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಫೋನ್ ಬಂತು. ಕೈಯೆಲ್ಲ ಖಾರ, ಮುಟ್ಟುವಂತಿರಲಿಲ್ಲ. ನಮ್ಮ ಅತ್ತೆಯೇ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

"ಗಿರಿಜಾ, ನಾ ಬಮ್ಮಿಗಟ್ಟಿ ನೀಲಕ್ಕ. ನಮ್ಮ ಹಿರೇ ಮಗಳು ಸವಿತಾನ ಕೂಸಿನ್ನ ಬರೂ ಸೋಮವಾರ ತೊಟ್ಟಿಲಕ್ಕ ಹಾಕ್ತೀವಿ. ಐದು ಮಂದಿ ಮುತ್ತೈದೇರಾಗ ನೀನೂ ಒಬ್ಬಾಕಿ. ಬರಬೇಕು ಮತ್ತ."

ತೊಟ್ಟು ಬಿಡಿಸುತ್ತಿದ್ದ ಕಾಯಿಯನ್ನು ಕೆಳಗಿಟ್ಟೆ.

ನೀಲಕ್ಕನ ಮುಖ ನಾನು ನೋಡಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ನನ್ನ ಮಗಳು ಲೀಲಾ ಹುಟ್ಟಿದಾಗಿನಿಂದ ಹೃದಯದ ತೊಂದರೆಯಲ್ಲೇ ಇದ್ದಳು. ಹೆಜ್ಜೆ ಇಡುವುದನ್ನು ಕಲಿಯುವ ಮೊದಲೇ ಹೋಗಿಬಿಟ್ಟಳು. ಆಗ ಅವಳನ್ನು ನೋಡಿಕೊಂಡಿದ್ದ ನರ್ಸ್ ಒಬ್ಬರು ನನ್ನನ್ನು ಮೊಬೈಲಿನ ಒಂದು ಗ್ರೂಪಿಗೆ ಸೇರಿಸಿದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಗ್ರೂಪು ಅದು. ಬರೆಯಲು ಬೇಸರವಾದವರು ಮಾತಾಡಿ ಕಳಿಸುತ್ತಾರೆ. ನೀಲಕ್ಕನೂ ಕಿರಿಯ ಮಗಳನ್ನು ಕಳೆದುಕೊಂಡವಳು. ಆದರೂ ಅತ್ತು ಮುಗಿಸಿದ ಮೇಲೆ ಒಂದು ನಗೆಮಾತು ಹೇಳದೆ ಬಿಡುವವಳಲ್ಲ.

ಅಲ್ಲಿ ಒಂದು ದಿನ ನಾನು ಯಾರಿಗೂ ಹೇಳದ್ದನ್ನು ಹೇಳಿಕೊಂಡಿದ್ದೆ. ಲೀಲಾ ಹೋದ ಮೇಲೆ ಊರಲ್ಲಿ ಯಾರೂ ನನ್ನ ಕೈಗೆ ಕೂಸು ಕೊಟ್ಟಿರಲಿಲ್ಲ. ಒಂದು ಕೆಟ್ಟ ಮಾತೂ ಆಡಲಿಲ್ಲ, ಸುಳ್ಳು ಹೇಳಬಾರದು. ಬಾಣಂತಿ ಮನೆಗೆ ಹೋದರೆ ಚಹಾ ಕೊಡುತ್ತಿದ್ದರು, ಕೂಸನ್ನು ಮಾತ್ರ ನನ್ನನ್ನು ದಾಟಿಸಿ ಬಾಜು ಕೂತವರಿಗೆ ಕೊಡುತ್ತಿದ್ದರು. ಆಮೇಲೆ ನಾನೇ ಹೋಗುವುದನ್ನು ಬಿಟ್ಟೆ. ಒಮ್ಮೆ ಒಂದು ಕೂಸು ಎತ್ತಿಕೊಳ್ಳಬೇಕು ಅನ್ನುವ ಆಸೆ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ.

"ನಿಮ್ಮ ಬೀಗರು ಏನಂತಾರ್ರೀ ನೀಲಕ್ಕಾ?" ಎಂದೆ.

"ಅನ್ನೂದು ಅವರ ಬಾಯಿ, ಕರಿಯೂದು ನನ್ನ ಬಾಯಿ. ಬಾ ಸುಮ್ನ."

ಫೋನ್ ಇಟ್ಟ ಮೇಲೆ ಅತ್ತೆ ಬೈಯುತ್ತಾರೇನೋ ಅಂದುಕೊಂಡೆ.

"ಬರೇ ಕೈಲೆ ಹೋಗಬ್ಯಾಡವಾ. ಕೂಸಿನ ತಲಿಗೆ ಒಂದು ಕುಂಚಿಗಿ ಹೊಲಿಸ್ಕೊಂಡು ಹೋಗು," ಅಂದರು. ಶಿವ ದೊಡ್ಡದನ್ನು ಕಸಿದುಕೊಂಡ, ಆದರೆ ಇಂಥ ಅತ್ತೆಯನ್ನು ಕೊಟ್ಟಿದ್ದಾನೆ.

ಸೋಮವಾರ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟೆ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿದಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ಶಿವನ ದಯೆಯೇ. ಬಮ್ಮಿಗಟ್ಟಿಯಲ್ಲಿ ಇಳಿದರೆ ಎದುರಿಗೆ ಗಿಡ್ಡನೆಯ, ದಪ್ಪನೆಯ ಹೆಂಗಸು. "ಧ್ವನಿ ಕೇಳಿ ಇನ್ನೂ ಎತ್ತರ ಇದ್ದೀ ಅಂತ ತಿಳಿದಿದ್ನಲ್ಲೇ!" ಅಂದಳು ನೀಲಕ್ಕ. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು.

ತೊಟ್ಟಿಲಿಗೆ ಹೂ ಕಟ್ಟಿದ್ದರು. ನಮ್ಮ ಕಡೆ ಕೂಸನ್ನು ಒಬ್ಬರು ತೊಟ್ಟಿಲ ಮೇಲಿಂದ ಕೊಡುತ್ತಾರೆ, ಆಚೆಯವರು ತೆಗೆದುಕೊಂಡು ಕೆಳಗಿನಿಂದ ಕೊಡುತ್ತಾರೆ. ನಾನು ನಿಲ್ಲುವಷ್ಟರಲ್ಲಿ ಸವಿತಾಳ ಅತ್ತೆ, ಕುರ್ಚಿಯ ಮೇಲೆ ಕೂತಿದ್ದ ವಯಸ್ಸಾದ ಹೆಂಗಸು, ಎಲ್ಲರಿಗೂ ಕೇಳುವಂತೆ ಕೇಳಿದರು:

"ಯಾರ ಈಕಿ? ಮಕ್ಕಳೆಷ್ಟು?"

ನೀಲಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ತೊಟ್ಟಿಲ ಮುಂದೆ ನಿಂತು ಮುಚ್ಚಿಡಲು ಮನಸ್ಸು ಬರಲಿಲ್ಲ.

"ಒಬ್ಬಾಕಿ ಇದ್ಲ್ರಿ. ಈಗಿಲ್ಲ."

ಸೆರಗು ಹೊದ್ದುಕೊಂಡು ಹಿಂದೆ ಸರಿದೆ. ಆ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗಾದ್ರ ಕೂಸಿನ ಕುತ್ತಿಗಿ ಕೆಳಗ ಕೈ ಹಿಡಿಯೂದು ಆಕಿಗೆ ಗೊತ್ತೈತಿ. ಏ ಸವಿತಾ, ಕೊಡ. ಈ ಹುಡಿಗ್ಯಾರಕಿಂತ ಛಲೋ ಹಿಡೀತಾಳ."

ಸವಿತಾ ಕೂಸನ್ನು ತೊಟ್ಟಿಲ ಮೇಲಿಂದ ನನ್ನ ಕೈಗಿಟ್ಟಳು. ಎಣ್ಣೆ, ಲೋಬಾನದ ಹೊಗೆ, ಹಾಲಿನ ವಾಸನೆ. ಕೂಸಿನ ಮೈ ಬೆಚ್ಚಗಿತ್ತು. ಕಣ್ಣು ತೆರೆಯಲಿಲ್ಲ, ಬಾಯಿ ಮಾತ್ರ ಏನನ್ನೋ ಹುಡುಕುವಂತೆ ಆಡಿಸಿತು. ಎದುರಿನವರು ತೊಟ್ಟಿಲ ಕೆಳಗೆ ಕೈ ಚಾಚಿ ನಿಂತಿದ್ದರು. ಕೊಡಬೇಕಿತ್ತು, ಕೊಡಲು ಕೈ ಮುಂದೆ ಬರಲಿಲ್ಲ.

"ಇರಲಿ, ಹಿಡೀಲಿ," ಅಂದರು ಅಜ್ಜಿ. "ತೊಟ್ಟಿಲೇನು ಓಡಿ ಹೋಗೂದಿಲ್ಲ."

ಯಾರೂ ಅವಸರ ಮಾಡಲಿಲ್ಲ. ನನಗೆ ಸಾಕಾಗಲಿಲ್ಲ, ಆದರೆ ನಾನೇ ಬಗ್ಗಿ ಕೊಟ್ಟೆ.

ಸಂಜೆ ಮನೆಗೆ ಬಂದು ಗ್ರೂಪಿನಲ್ಲಿ ಒಂದೇ ಮಾತು ಹೇಳಿದೆ: "ಎತ್ಕೊಂಡೆ." ತುಂಬಾ ಜನ ಕೈಮುಗಿದ ಚಿತ್ರ ಹಾಕಿದರು. ತಿರ್ಲಾಪುರದ ಒಬ್ಬ ತಾಯಿ ಮಾತ್ರ ಮೆಲ್ಲಗೆ ಕೇಳಿದ್ದಳು: "ಅಕ್ಕಾ, ಭಾರ ಇತ್ತೇನ್ರಿ?"

ಆ ದನಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಹಾಗೆ ಕೇಳಬೇಕೆಂದು ಬೇರೆ ಯಾರಿಗೆ ತಿಳಿಯುತ್ತಿತ್ತು? ಆಸೆ ತೀರಿತು ಅಂದರೆ ಸುಳ್ಳಾಗುತ್ತದೆ. ಅಂದಿನಿಂದ ಲೀಲಾ ಇನ್ನೂ ಹೆಚ್ಚು ಬೇಕೆನಿಸುತ್ತಾಳೆ. ಆದರೆ ಈಗ ಬಾಣಂತಿ ಮನೆಗಳಿಗೆ ಹೋಗುತ್ತೇನೆ, ಕೂಸನ್ನು ಕೊಡುತ್ತೀರಾ ಎಂದು ಬಾಯಿಬಿಟ್ಟು ಕೇಳುತ್ತೇನೆ. ಕೆಲವರು ಕೊಡುತ್ತಾರೆ.

ಅಂದು ಸಂಜೆ ಆ ತಾಯಿಗೆ "ಹೌದವಾ, ಭಾರ ಇತ್ತು, ಅಗದಿ ಛಲೋ ಭಾರ" ಎಂದು ಹೇಳಿ ಕಳಿಸುವಷ್ಟರಲ್ಲಿ ಹೊರಗಿನಿಂದ ಅತ್ತೆ ಕೂಗಿದರು: "ಗಿರಿಜಾ, ನಳ ಬಂತು!" ಸೆರಗು ಸಿಕ್ಕಿಸಿಕೊಂಡು ಹೋಗಿ ನೀರು ಹಿಡಿದೆ. ಮೊದಲ ಕೊಡ ತುಂಬಿತು. ಎತ್ತಿ ಸೊಂಟದ ಮೇಲಿಟ್ಟುಕೊಂಡು ಒಳಗೆ ನಡೆದೆ.