ಕೆಂಪು ಗೆರೆ ಮೈನಸ್ ಕಡೆಗೆ

ಸಿಂಥಸೈಜರ್ ಸುಟ್ಟವಳು ನಾನೇ ಎಂದು ತವರಿನವರೆಲ್ಲ ಇವತ್ತಿಗೂ ಹೇಳುತ್ತಾರೆ. ಸುಟ್ಟವನು ನನ್ನ ಅಣ್ಣ.

ನಾನು ಹಾವೇರಿಯಲ್ಲಿ ಹಾರ್ಮೋನಿಯಂ ಕಲಿಸುತ್ತೇನೆ. ಮೋಟೆಬೆನ್ನೂರಿನ ಗೆಳತಿಯೊಬ್ಬಳು ವಚನ ಹಾಡುತ್ತಾಳೆ. ಅವಳ ದನಿಯ ಹಿಂದೆ ನಿಲ್ಲುವ ಬೇರೊಂದು ನಾದ ಬೇಕೆನಿಸಿ, ಕರೆಂಟಿನಿಂದ ನುಡಿಯುವ ಮಾಡ್ಯುಲರ್ ಸಿಂಥಸೈಜರಿನ ಬೆನ್ನು ಹತ್ತಿದೆ. ಒಂದು ಪೆಟ್ಟಿಗೆ, ಅದರಲ್ಲಿ ಸಾಲಾಗಿ ಕೂರಿಸಿದ ಮಾಡ್ಯೂಲುಗಳೆಂಬ ಸಣ್ಣ ಬಿಡಿಭಾಗಗಳು. ಒಂದು ನಾದ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ. ಸೋಸುವ ಮಾಡ್ಯೂಲನ್ನು ನಾನೇ ಬೇಸಿಗೆ ರಜೆಯೆಲ್ಲ ಕುಳಿತು ಬೆಸುಗೆ ಹಾಕಿ ಮಾಡಿದ್ದೆ.

ಪ್ರತಿ ಮಾಡ್ಯೂಲಿಗೂ ಹಿಂದಿನಿಂದ ಚಪ್ಪಟೆ ಪಟ್ಟಿಯಂಥ ವೈರಿನಲ್ಲಿ ಕರೆಂಟು ಹೋಗುತ್ತದೆ. ಪಟ್ಟಿಯ ಒಂದು ಅಂಚಿಗೆ ಕೆಂಪು ಗೆರೆ. ಎರಡೂ ತುದಿಗಳಲ್ಲಿ ಆ ಗೆರೆ ಮೈನಸ್ ಹನ್ನೆರಡು ವೋಲ್ಟ್ ಎಂದು ಬರೆದ ಕಡೆಗೇ ಬರಬೇಕು. ನನ್ನ ಪೆಟ್ಟಿಗೆಯಲ್ಲಿ ತಿರುವಿ ಹಚ್ಚಿದರೂ ಅದು ಸಲೀಸಾಗಿ ಕೂರುತ್ತಿತ್ತು, ಆದರೆ ಕರೆಂಟು ಹರಿದರೆ ಮಾಡ್ಯೂಲು ಸುಟ್ಟುಹೋಗುತ್ತಿತ್ತು. ಅದಕ್ಕೇ ನಾನು ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತು, ಆಮೇಲೆ ವೈರು ಹಚ್ಚಿ, ಎರಡೂ ತುದಿ ಮತ್ತೆ ನೋಡಿಯೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದೆ.

ಬ್ಯಾಡಗಿಯಲ್ಲಿ ನಮ್ಮಿಬ್ಬರ ಮೊದಲ ಕಾರ್ಯಕ್ರಮ ನಿಗದಿಯಾಯಿತು. ಅಣ್ಣನಿಗೆ ರಾಣೆಬೆನ್ನೂರಿನಲ್ಲಿ ಮೋಟಾರು ಕಟ್ಟುವ ಅಂಗಡಿ. ಸಭಾಂಗಣದ ಕರೆಂಟಿನ ಕೆಲಸ ತಾನು ನೋಡಿಕೊಳ್ಳುತ್ತೇನೆಂದು ತಾನಾಗಿಯೇ ಬಂದಿದ್ದ. ಹೊರಗೆ ಮೆಣಸಿನಕಾಯಿ ಲಾರಿಗಳು ಹೋಗುತ್ತಿದ್ದವು. ಘಾಟಿಗೆ ಗೆಳತಿ ಬಾಯಿಗೆ ಸೆರಗು ಹಿಡಿದು ಕುಳಿತಿದ್ದಳು. ಪೆಟ್ಟಿಗೆ ತೆರೆದರೆ ದಾರಿಯ ಕುಲುಕಾಟಕ್ಕೆ ಸೋಸುವ ಮಾಡ್ಯೂಲಿನ ಪಟ್ಟಿ ಕಳಚಿತ್ತು. ಪ್ಲಗ್ ಇನ್ನೂ ಗೋಡೆಗೆ ಹಾಕಿರಲಿಲ್ಲ. ಅಷ್ಟರಲ್ಲಿ ಮೈಕು ನೋಡಲು ಸಂಘಟಕರು ಕರೆದರು. ಕೆಂಪು ಗೆರೆ ಮೈನಸ್ ಕಡೆ ಬರಬೇಕು, ನಾನು ಬರುವವರೆಗೆ ಮುಟ್ಟಬೇಡ ಎಂದು ಅಣ್ಣನಿಗೆ ಹೇಳಿದೆ.

ಅವನು ನಕ್ಕ. "ಕೆಂಪು ಯಾವಾಗ್ಲೂ ಪ್ಲಸ್ ಇರ್ತೈತಿ. ಇಷ್ಟು ವರ್ಷ ಮೋಟಾರು ಕಟ್ಟಾಕತ್ತೇನಿ, ನನಗ ಕಲಸ್ತೀಯೇನು?"

"ಮೋಟಾರಿಂದು ಬ್ಯಾರೆ, ಇದು ಬ್ಯಾರೆ ಅಣ್ಣಾ. ಮುಟ್ಟಬ್ಯಾಡ."

ನಾನು ಮೈಕಿನ ಹತ್ತಿರ ಇದ್ದಾಗಲೇ ವಾಸನೆ ಬಂತು. ಓಡಿ ಬಂದರೆ ಪಟ್ಟಿ ಹಚ್ಚಿಯಾಗಿತ್ತು, ಪ್ಲಗ್ ಗೋಡೆಯಲ್ಲಿತ್ತು, ನಾನು ಮಾಡಿದ ಮಾಡ್ಯೂಲಿನಿಂದ ಹೊಗೆ ಏಳುತ್ತಿತ್ತು. ಪ್ಲಗ್ ಕಿತ್ತು ನೋಡಿದೆ. ಕೆಂಪು ಗೆರೆ ಪ್ಲಸ್ ಕಡೆಗಿತ್ತು.

ಜನ ಸೇರಿದರು. ಏನಾಯಿತೆಂದು ಅವರು ಕೇಳಿದ್ದು ಅಣ್ಣನನ್ನು, ನನ್ನನ್ನಲ್ಲ. ಹಲಕಾ ಮಾಲು, ಜೊತೆಗೆ ಇವಳು ಮನೆಯಲ್ಲಿ ಕುಳಿತು ಬೆಸುಗೆ ಹಾಕಿದ್ದು ಎಂದು ಅವನು ವಿವರಿಸಿದ. ಎಲ್ಲರೂ ತಲೆಯಾಡಿಸಿದರು. ಗೆಳತಿ ಅಂದು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿದಳು. ಚೆನ್ನಾಗಿಯೇ ಹಾಡಿದಳು. ನಾನು ಸಭೆಯಲ್ಲಿ ಕುಳಿತು ಕೇಳಿದೆ. ಆಮೇಲೆ ಅವಳು ನನ್ನನ್ನು ಸಾಥಿಗೆ ಕರೆಯಲಿಲ್ಲ.

ಪಂಚಮಿಗೆ ತವರಿಗೆ ಹೋದೆ. ಅತ್ತಿಗೆಯ ತವರಿನಿಂದ ಬಂದ ಬೀಗರ ಎದುರು ಅಣ್ಣ ಅದೇ ಕಥೆ ತೆಗೆದ. ಈ ಸಲ ಅದರಲ್ಲಿ ಬೆಂಕಿಯೂ ಇತ್ತು, ಪ್ಲಗ್ ಕಿತ್ತು ಎಲ್ಲರನ್ನೂ ಉಳಿಸಿದವನು ಅವನೇ ಆಗಿದ್ದ. ಎಲ್ಲರೂ ನಗುತ್ತಿದ್ದರು. ನಾನು ಉಂಡಿಯ ತಾಟು ಕೆಳಗಿಟ್ಟೆ.

"ಪಟ್ಟಿ ತಿರುವಿ ಹಚ್ಚಿದಾಂವ ನೀನು. ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ದೆ."

ನಗು ನಿಂತಿತು. ಅಣ್ಣ ನನ್ನ ಕಡೆ ನೋಡದೆ, ಹೆಣ್ಣುಮಕ್ಕಳಿಗೆ ಕರೆಂಟಿನ ಕೆಲಸ ಯಾಕೆ ಬೇಕೆಂದು ಬೀಗರಿಗೆ ಹೇಳಿದ. ಅತ್ತಿಗೆ ಚಹಾ ತಂದಳು, ಮಾತು ಹೊಲದ ಕಡೆ ಹೋಯಿತು. ಸಂಜೆಯ ಬಸ್ಸಿಗೆ ನಾನು ಹಾವೇರಿಗೆ ಮರಳಿದೆ. ನಿಲ್ದಾಣದವರೆಗೆ ಯಾರೂ ಬರಲಿಲ್ಲ.

ಆಮೇಲೆ ಹೊಸ ಚಿಪ್ ತರಿಸಿ ಮಾಡ್ಯೂಲನ್ನು ರಿಪೇರಿ ಮಾಡಿದೆ. ಒಂದೇ ದಿಕ್ಕಿನಲ್ಲಿ ಕೂರುವ ಸಾಕೆಟ್ಟುಗಳನ್ನು ಹಾಕಿದೆ. ಪೆಟ್ಟಿಗೆ ಈಗ ನುಡಿಯುತ್ತದೆ, ಕೇಳುವವಳು ನಾನೊಬ್ಬಳೇ. ಅಣ್ಣ ನನ್ನ ಫೋನು ಎತ್ತುವುದಿಲ್ಲ. ಅವ್ವ ಮಾತ್ರ ಹಿತ್ತಲಿಗೆ ಹೋಗಿ, ದನಿ ತಗ್ಗಿಸಿ ಫೋನು ಮಾಡುತ್ತಾಳೆ. ಪಟ್ಟಿ ತಿರುವಿ ಹಚ್ಚಿದವನು ಅವನೇ ಎಂದು ಅವಳಿಗೂ ಗೊತ್ತು. ಹೋದ ವಾರ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡಳು.

"ಆದ್ರೂ ನಾನ ಸುಟ್ಟೆ ಅಂತ ಅವನ ಮುಂದ ಒಂದು ಸಲ ಅಂದುಬಿಡವಾ," ಎಂದಳು. "ನಿಂದೇನು ಹೋಗ್ತೈತಿ?"

ನಾನು ಫೋನು ಇಟ್ಟುಬಿಟ್ಟೆ.